ಲ್ಯಾಪ್‌ಟಾಪಿನ ನಿದ್ರಾಸ್ಥಿತಿ: ಹಳೆಯ ಯಂತ್ರಗಳ ದೋಷಗಳು ಮತ್ತು ಪರಿಹಾರ

ನಿದ್ರಾಸ್ಥಿತಿ ಎಂಬುದು ಲ್ಯಾಪ್‌ಟಾಪನ್ನು ಪೂರ್ತಿ ಆರಿಸದೆ, ನಡೆಯುತ್ತಿದ್ದ ಕೆಲಸವನ್ನು ಇದ್ದ ಹಾಗೆಯೇ ಉಳಿಸಿಕೊಂಡು, ಬಹಳ ಕಡಿಮೆ ವಿದ್ಯುತ್ತಿನಲ್ಲಿ ನಿಲ್ಲಿಸಿಡುವ ಏರ್ಪಾಡು. ಮುಚ್ಚಳ ಮುಚ್ಚಿದಾಗ ಅಥವಾ ಗೊತ್ತುಪಡಿಸಿದಷ್ಟು ಹೊತ್ತು ಯಾರೂ ಮುಟ್ಟದಿದ್ದಾಗ ಯಂತ್ರ ಈ ಸ್ಥಿತಿಗೆ ಇಳಿಯುತ್ತದೆ. ಮುಚ್ಚಳ ತೆರೆದ ಕೆಲವೇ ಸೆಕೆಂಡುಗಳಲ್ಲಿ ಬರೆಯುತ್ತಿದ್ದ ಕಡತ, ತೆರೆದಿದ್ದ ಪುಟ ಎಲ್ಲವೂ ಹಿಂದಿದ್ದಂತೆ ಕೈಗೆ ಸಿಗಬೇಕು. ವಿಂಡೋಸ್ ಎಕ್ಸ್‌ಪಿಯಲ್ಲಿ ಇದರ ಹೆಸರು ಸ್ಟ್ಯಾಂಡ್‌ಬೈ; 2007ರಲ್ಲಿ ಬಂದ ವಿಸ್ಟಾದಿಂದೀಚೆಗೆ ಸ್ಲೀಪ್; ಲಿನಕ್ಸ್‌ನಲ್ಲಿ ಸಸ್ಪೆಂಡ್.

ಯಂತ್ರ ಹಳತಾದಂತೆ ಬೇಗ ಕೈಕೊಡುವ ಸೌಕರ್ಯಗಳಲ್ಲಿ ಇದೂ ಒಂದು. ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶವಾದ ಬಯಾಸ್, ಆಪರೇಟಿಂಗ್ ಸಿಸ್ಟಂ, ಪ್ರತಿಯೊಂದು ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರ್, ಮುಚ್ಚಳದ ಸಂವೇದಕ, ಬ್ಯಾಟರಿ ಇಷ್ಟೂ ಸರಿಯಾದ ಅನುಕ್ರಮದಲ್ಲಿ ಕೆಲಸ ಮಾಡಿದರೆ ಮಾತ್ರ ನಿದ್ದೆ ಮತ್ತು ಎಚ್ಚರ ಎರಡೂ ಸಾಧ್ಯ. ಇವುಗಳಲ್ಲಿ ಯಾವುದು ಕೆಟ್ಟರೂ ಬಳಸುವವರ ಕಣ್ಣಿಗೆ ಬೀಳುವುದು ಒಂದೇ ನೋಟ, ಕಪ್ಪು ಪರದೆ. ಈ ಕಾರಣಕ್ಕೆ ಇಂಥ ಯಂತ್ರಗಳನ್ನು ಮದರ್‌ಬೋರ್ಡ್ ಹೋಗಿದೆ ಎಂದು ಮೂಲೆಗೆ ತಳ್ಳುವುದುಂಟು. ಆದರೆ ಎಷ್ಟೋ ಸಲ ಯಂತ್ರದಲ್ಲಿ ಏನೂ ಸವೆದಿರುವುದಿಲ್ಲ. ಅದರ ಮೇಲೆ ಓಡುವ ತಂತ್ರಾಂಶ ಬದಲಾಗಿರುತ್ತದೆ, ಅಷ್ಟೆ. ನಿದ್ದೆ ಹೋಗುವಾಗ, ನಿದ್ದೆಯಲ್ಲಿರುವಾಗ, ಏಳುವಾಗ — ಈ ಮೂರರಲ್ಲಿ ಯಾವ ಹಂತದಲ್ಲಿ ಕೊಂಡಿ ಕಳಚಿತು ಎಂಬುದನ್ನು ಮೊದಲು ಕಂಡುಕೊಳ್ಳುವುದೇ ದುರಸ್ತಿಯ ಅರ್ಧ ಕೆಲಸ.

ಎಪಿಎಂನಿಂದ ಎಸಿಪಿಐವರೆಗೆ

ಇಂಟೆಲ್ 1990ರಲ್ಲಿ ಹೊರತಂದ 386ಎಸ್‌ಎಲ್ ಪ್ರೊಸೆಸರಿನಲ್ಲಿ, ಆಪರೇಟಿಂಗ್ ಸಿಸ್ಟಂಗೆ ತಿಳಿಯದಂತೆ ಬಯಾಸ್ ನಡುವೆ ಬಂದು ವಿದ್ಯುತ್ ನಿರ್ವಹಣೆ ಮಾಡಬಲ್ಲ ಪ್ರತ್ಯೇಕ ವಿಧಾನವೊಂದನ್ನು ಅಳವಡಿಸಲಾಯಿತು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಎಪಿಎಂ ಎಂಬ ಮಾನಕವನ್ನು ರೂಪಿಸಿದವು. ಅದರಲ್ಲಿ ನಿರ್ಧಾರದ ಬಹುಪಾಲು ಬಯಾಸ್‌ನದೇ. ಯಾವ ಕಡತ ತೆರೆದಿದೆ, ಯಾವ ಕೆಲಸ ನಡುವಿನಲ್ಲಿದೆ ಎಂಬುದು ಗೊತ್ತಿರುವುದು ಆಪರೇಟಿಂಗ್ ಸಿಸ್ಟಂಗೆ. ದೀಪ ಆರಿಸುವ ಅಧಿಕಾರ ಬಯಾಸ್‌ಗೆ. ಲೆಕ್ಕದ ಪುಸ್ತಕ ಒಬ್ಬರ ಬಳಿ, ಪೆಟ್ಟಿಗೆಯ ಕೀಲಿ ಇನ್ನೊಬ್ಬರ ಬಳಿ ಇದ್ದ ಅಂಗಡಿಯಂಥ ಈ ಏರ್ಪಾಡು ಬಹಳ ಕಾಲ ಬಾಳಲಿಲ್ಲ.

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಎಸಿಪಿಐ ಎಂಬ ಹೊಸ ಮಾನಕವನ್ನು ಪ್ರಕಟಿಸಿದವು. ಇದರಲ್ಲಿ ಅಧಿಕಾರ ಆಪರೇಟಿಂಗ್ ಸಿಸ್ಟಂಗೆ ಬಂತು. ಯಂತ್ರದ ವಿವರಗಳನ್ನೂ ಅದನ್ನು ಮಲಗಿಸುವ, ಎಬ್ಬಿಸುವ ಕ್ರಮಗಳನ್ನೂ ತಯಾರಕರು ಒಂದು ಸಂಕೇತ ಭಾಷೆಯಲ್ಲಿ ಕೋಷ್ಟಕಗಳಾಗಿ ಬರೆದು ಬಯಾಸ್‌ನಲ್ಲಿ ಇರಿಸುತ್ತಾರೆ. ಆಪರೇಟಿಂಗ್ ಸಿಸ್ಟಂ ಆ ಕೋಷ್ಟಕಗಳನ್ನು ಓದಿ ನಡೆಯುತ್ತದೆ. ವಿಸ್ಟಾ ಎಪಿಎಂ ಅನ್ನು ಪೂರ್ತಿ ಕೈಬಿಟ್ಟಿತು. 2013ರಿಂದ ಎಸಿಪಿಐ ಮಾನಕದ ಹೊಣೆ ಯುಇಎಫ್‌ಐ ಫೋರಂನದು.

ಹಳೆಯ ಲ್ಯಾಪ್‌ಟಾಪುಗಳ ಮಟ್ಟಿಗೆ ಈ ಕೋಷ್ಟಕಗಳೇ ಹಲವು ತೊಂದರೆಗಳ ಬೇರು. ಯಂತ್ರ ಮಾರುಕಟ್ಟೆಗೆ ಬಂದ ವರ್ಷದಲ್ಲಿ ಚಲಾವಣೆಯಲ್ಲಿದ್ದ ವಿಂಡೋಸ್ ಆವೃತ್ತಿಯೊಂದಿಗೆ ಮಾತ್ರ ಅವುಗಳನ್ನು ಪರೀಕ್ಷಿಸಿರುವುದು ಸಾಮಾನ್ಯ. ‘ನೀನು ಯಾವ ವಿಂಡೋಸ್?’ ಎಂದು ಕೇಳಿ, ಬಂದ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ದಾರಿ ಹಿಡಿಯುವ ಸೌಲಭ್ಯವೂ ಈ ಕೋಷ್ಟಕಗಳಿಗಿದೆ. ಲಿನಕ್ಸ್ ಕೂಡ ಇಂಥ ಪ್ರಶ್ನೆಗೆ ತಾನು ವಿಂಡೋಸ್ ಎಂದೇ ಉತ್ತರಿಸುತ್ತದೆ. ಹಾಗೆ ಹೇಳದಿದ್ದರೆ ತಯಾರಕರು ಒಮ್ಮೆಯೂ ಪರೀಕ್ಷಿಸದ ದಾರಿಗೆ ಯಂತ್ರ ಹೊರಳಿಬಿಡುತ್ತದೆ. ಹತ್ತು ವರ್ಷದ ಹಿಂದೆ ಬರೆದು ಮುಗಿಸಿದ ಕೋಷ್ಟಕ ಇಂದಿನ ವಿಂಡೋಸ್‌ನೊಂದಿಗೆ ಹೊಂದಿಕೊಳ್ಳದೆ ಹೋದರೆ ಅದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ.

ನಿದ್ದೆಯ ಮಟ್ಟಗಳು

ಎಸಿಪಿಐ ಯಂತ್ರದ ಸ್ಥಿತಿಗಳನ್ನು ಎಸ್0ಯಿಂದ ಎಸ್5ರವರೆಗೆ ಹೆಸರಿಸುತ್ತದೆ. ಎಸ್0 ಎಂದರೆ ಪೂರ್ಣ ಎಚ್ಚರ, ಎಸ್5 ಎಂದರೆ ಆರಿಸಿದ ಸ್ಥಿತಿ. ಎಸ್1ರಲ್ಲಿ ಪ್ರೊಸೆಸರ್ ಕೆಲಸ ನಿಲ್ಲಿಸಿದರೂ ಅದಕ್ಕೆ ವಿದ್ಯುತ್ ಹರಿಯುತ್ತಲೇ ಇರುತ್ತದೆ; ಆದ್ದರಿಂದ ಉಳಿತಾಯ ಕಡಿಮೆ. ಎಸ್2 ಬಳಕೆಯಲ್ಲಿ ಕಾಣುವುದೇ ಅಪರೂಪ. ಜನ ‘ಸ್ಲೀಪ್’ ಎನ್ನುವುದು ಹೆಚ್ಚಾಗಿ ಎಸ್3ಕ್ಕೆ. ಇದರಲ್ಲಿ ಪ್ರೊಸೆಸರ್, ಪರದೆ, ಡಿಸ್ಕ್ ಎಲ್ಲವೂ ಆರಿ, ರ‍್ಯಾಮ್ ಮಾತ್ರ ಜೀವಂತವಾಗಿರುತ್ತದೆ. ರ‍್ಯಾಮಿನ ಪ್ರತಿ ಬಿಟ್ ಒಂದು ಸಣ್ಣ ಧಾರಕದಲ್ಲಿನ ವಿದ್ಯುದಂಶ. ಅದು ಸೋರುತ್ತಿರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸಾಲುಗಳನ್ನೂ ಮತ್ತೆ ತುಂಬಿಸಬೇಕು. ಎಸ್3ರಲ್ಲಿ ಈ ಕೆಲಸವನ್ನು ರ‍್ಯಾಮ್ ಚಿಪ್‌ಗಳು ತಾವೇ ನೋಡಿಕೊಳ್ಳುತ್ತವೆ. ಎಸ್4 ಅಥವಾ ಹೈಬರ್ನೇಟ್‌ನಲ್ಲಿ ರ‍್ಯಾಮಿನಲ್ಲಿದ್ದುದನ್ನು ಡಿಸ್ಕಿಗೆ ಬರೆದು ಯಂತ್ರವನ್ನು ಆರಿಸಲಾಗುತ್ತದೆ. ಮತ್ತೆ ಏಳುವಾಗ ಬೂಟ್ ಆಗಿ, ಆ ಪ್ರತಿಯನ್ನು ಡಿಸ್ಕಿನಿಂದ ಹಿಂದಕ್ಕೆ ಓದಬೇಕು.

2012ರಲ್ಲಿ ವಿಂಡೋಸ್ 8ರೊಂದಿಗೆ ಕನೆಕ್ಟೆಡ್ ಸ್ಟ್ಯಾಂಡ್‌ಬೈ ಬಂತು. ವಿಂಡೋಸ್ 10ರಲ್ಲಿ ಅದನ್ನು ವಿಸ್ತರಿಸಿ ಮಾಡರ್ನ್ ಸ್ಟ್ಯಾಂಡ್‌ಬೈ ಎಂದರು. ಇದರಲ್ಲಿ ಯಂತ್ರ ನಿಜವಾಗಿ ಎಸ್0ಯಲ್ಲೇ ಇರುತ್ತದೆ. ಪರದೆ ಆರಿಸಿ, ಮೊಬೈಲ್ ಫೋನಿನಂತೆ ಆಗಾಗ ಎದ್ದು ಇಮೇಲ್ ನೋಡಿ ಮತ್ತೆ ತೂಕಡಿಸುತ್ತದೆ. ಇಂಥ ಯಂತ್ರಗಳೂ ಈಗ ಹಳೆಯವಾಗತೊಡಗಿವೆ. ಅವುಗಳ ತೊಂದರೆಗಳು ಬೇರೆ ಬಗೆಯವು. ಆದ್ದರಿಂದ ಯಾವ ಪರಿಹಾರ ಹುಡುಕುವ ಮೊದಲೂ ಯಂತ್ರದಲ್ಲಿರುವುದು ಯಾವ ನಿದ್ದೆ ಎಂದು ತಿಳಿಯಬೇಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಆದೇಶಕ್ಕೆ ‘ಎ’ ಆಯ್ಕೆ ಸೇರಿಸಿ ಕೊಟ್ಟರೆ, ಲಭ್ಯವಿರುವ ನಿದ್ರಾಸ್ಥಿತಿಗಳ ಪಟ್ಟಿ ಬರುತ್ತದೆ. ಲಭ್ಯವಿಲ್ಲದವು ಏಕೆ ಇಲ್ಲ ಎಂಬುದನ್ನೂ ಅದೇ ಹೇಳುತ್ತದೆ. ಪಟ್ಟಿಯಲ್ಲಿ ಎಸ್3 ಇಲ್ಲದಿದ್ದರೆ ಮತ್ತು ಗ್ರಾಫಿಕ್ಸ್ ಡ್ರೈವರ್ ಕಾರಣವೆಂದು ತೋರಿಸಿದ್ದರೆ, ಯಂತ್ರದಲ್ಲಿರುವುದು ತಾತ್ಕಾಲಿಕವಾದ ಸಾಮಾನ್ಯ ಡಿಸ್‌ಪ್ಲೇ ಡ್ರೈವರ್ ಎಂದರ್ಥ. ವಿಂಡೋಸನ್ನು ಹೊಸದಾಗಿ ಹಾಕಿಸಿಕೊಂಡ ಹಳೆಯ ಲ್ಯಾಪ್‌ಟಾಪುಗಳಲ್ಲಿ ಸ್ಲೀಪ್ ಬಟನ್ನೇ ಮಾಯವಾಗುವುದು ಬಹುಮಟ್ಟಿಗೆ ಇದರಿಂದಲೇ.

ನಿದ್ದೆ ಹೋಗದ ಯಂತ್ರ

ಸಮಯ ಮೀರಿದರೂ ಯಂತ್ರ ಮಲಗದಿದ್ದರೆ ಯಾವುದೋ ಪ್ರೋಗ್ರಾಂ ಅಥವಾ ಡ್ರೈವರ್ ಅದನ್ನು ತಡೆದಿರುತ್ತದೆ. ಸಿನಿಮಾ ನೋಡುವಾಗ ನಡುವೆ ಪರದೆ ಆರಬಾರದು ಎಂಬ ಒಳ್ಳೆಯ ಉದ್ದೇಶಕ್ಕೆ ಇರುವ ಸೌಲಭ್ಯವಿದು. ಮುಗಿದ ಮೇಲೆ ತಡೆಯನ್ನು ತೆಗೆಯಲು ಮರೆಯುವ ತಂತ್ರಾಂಶಗಳಿಂದ ತೊಂದರೆ ಹುಟ್ಟುತ್ತದೆ. ವಿಂಡೋಸ್ 7ರಿಂದೀಚೆಗೆ ಪವರ್‌ಸಿಎಫ್‌ಜಿಯ ‘ರಿಕ್ವೆಸ್ಟ್ಸ್’ ಆಯ್ಕೆ ತಡೆಯುತ್ತಿರುವವರ ಹೆಸರನ್ನು ನೇರವಾಗಿ ತೋರಿಸುತ್ತದೆ. ಧ್ವನಿ ಚಿಪ್ಪಿನ ಡ್ರೈವರ್, ತೆರೆದೇ ಉಳಿದ ಬ್ರೌಸರ್ ಪುಟದ ವಿಡಿಯೊ, ಜಾಲದಲ್ಲಿ ಹಂಚಿಕೊಂಡ ಫೋಲ್ಡರನ್ನು ಬೇರೊಂದು ಕಂಪ್ಯೂಟರ್ ತೆರೆದಿಟ್ಟಿರುವುದು ಇಲ್ಲಿ ಮತ್ತೆ ಮತ್ತೆ ಕಾಣುವ ಹೆಸರುಗಳು. ‘ಎನರ್ಜಿ’ ಆಯ್ಕೆ 60 ಸೆಕೆಂಡು ಯಂತ್ರವನ್ನು ಗಮನಿಸಿ ವಿವರವಾದ ವರದಿ ಬರೆದುಕೊಡುತ್ತದೆ.

ಮುಚ್ಚಳ ಮುಚ್ಚಿದರೂ ಮಲಗದಿದ್ದರೆ ಸೆಟ್ಟಿಂಗ್ ನೋಡಿದ ಮೇಲೆ ಸಂವೇದಕವನ್ನು ಶಂಕಿಸಬೇಕು. ಬಹಳ ಹಳೆಯ ಯಂತ್ರಗಳಲ್ಲಿ ಕೀಲಿಮಣೆಯ ಬಳಿ ಒತ್ತಿದರೆ ಒಳಹೋಗುವ ಪುಟ್ಟ ಕಡ್ಡಿಯಿರುತ್ತಿತ್ತು. ಧೂಳು ಕೂತು ಅದು ಸಿಕ್ಕಿಕೊಳ್ಳುತ್ತದೆ. ಆಮೇಲಿನವುಗಳಲ್ಲಿ ಪರದೆಯ ಚೌಕಟ್ಟಿನಲ್ಲಿ ಸಣ್ಣ ಅಯಸ್ಕಾಂತ, ಕೆಳಭಾಗದಲ್ಲಿ ಅದನ್ನು ಗುರುತಿಸುವ ಹಾಲ್ ಸಂವೇದಕ. ಪರದೆ ಬದಲಿಸುವಾಗ ಅಯಸ್ಕಾಂತ ಕಳಚಿ ಬಿದ್ದುಹೋಗಿದ್ದರೆ ಯಂತ್ರಕ್ಕೆ ಮುಚ್ಚಳ ಸದಾ ತೆರೆದೇ ಇದ್ದಂತೆ. ಇದರ ವಿರುದ್ಧ ದೋಷವೂ ಉಂಟು: ಒಂದು ಲ್ಯಾಪ್‌ಟಾಪಿನ ಮೇಲೆ ಇನ್ನೊಂದನ್ನಿಟ್ಟು ಬಳಸಿದರೆ, ಅಥವಾ ಅಯಸ್ಕಾಂತದ ಕೊಂಡಿಯಿರುವ ಕೈಗಡಿಯಾರದ ಪಟ್ಟಿ ಸಂವೇದಕದ ಮೇಲೆ ಬಂದರೆ, ಕೆಲಸದ ನಡುವೆಯೇ ಯಂತ್ರ ಮಲಗಿಬಿಡುತ್ತದೆ. ಕಾರಣ ತಿಳಿಯದೆ ವಿಂಡೋಸ್ ಮರುಸ್ಥಾಪನೆಯವರೆಗೂ ಹೋದವರಿಗೆ ಈ ಒಂದು ಪರೀಕ್ಷೆ ಎಷ್ಟೋ ಶ್ರಮ ಉಳಿಸುತ್ತದೆ.

ತಾನಾಗಿ ಏಳುವುದು, ನಿದ್ದೆಯಲ್ಲೇ ಬ್ಯಾಟರಿ ಖಾಲಿಯಾಗುವುದು

ರಾತ್ರಿ ಮುಚ್ಚಿಟ್ಟ ಲ್ಯಾಪ್‌ಟಾಪ್ ಬೆಳಿಗ್ಗೆ ಬಿಸಿಯಾಗಿದ್ದರೆ ನಡುವೆ ಅದನ್ನು ಏನೋ ಎಬ್ಬಿಸಿದೆ. ಹಾಗೆ ಎಬ್ಬಿಸಬಲ್ಲವು ಹಲವು: ಯುಎಸ್‌ಬಿ ಮೌಸ್, ಕೀಲಿಮಣೆ, ಜಾಲ ಕಾರ್ಡು, ಗಡಿಯಾರದ ಟೈಮರ್, ಮುಚ್ಚಳ. ವಿಂಡೋಸ್ ತನ್ನ ದಿನಚರಿಯನ್ನು ಬರೆದಿಟ್ಟಿರುತ್ತದೆ. ಇವೆಂಟ್ ವ್ಯೂವರ್‌ನ ಸಿಸ್ಟಂ ವಿಭಾಗದಲ್ಲಿ ಪವರ್-ಟ್ರಬಲ್‌ಶೂಟರ್ ಹೆಸರಿನ 1ನೇ ಸಂಖ್ಯೆಯ ದಾಖಲೆ ಮಲಗಿದ ವೇಳೆ, ಎದ್ದ ವೇಳೆ, ಎಬ್ಬಿಸಿದ ಮೂಲ ಮೂರನ್ನೂ ಕೊಡುತ್ತದೆ. ಕರ್ನಲ್-ಪವರ್‌ನ 42ನೇ ಸಂಖ್ಯೆ ಮಲಗಲು ಹೊರಟದ್ದನ್ನು ಸೂಚಿಸುತ್ತದೆ. 42ರ ನಂತರ ಎಚ್ಚರದ ದಾಖಲೆ ಇಲ್ಲದೆ ನೇರವಾಗಿ 41 ಬಂದಿದ್ದರೆ, ಯಂತ್ರ ನಿದ್ದೆಯಿಂದ ಏಳಲಾಗದೆ ಸತ್ತು ಹೊಸದಾಗಿ ಬೂಟ್ ಆಗಿದೆ ಎಂದು ತಿಳಿಯಬಹುದು. ದುರಸ್ತಿ ಮಾಡುವವರು ಮೊದಲು ನೋಡಬೇಕಾದ ಜಾಗ ಇದು. ಊಹೆಗಿಂತ ಈ ನಾಲ್ಕು ಸಾಲಿನ ದಾಖಲೆ ಮೇಲು.

ಪವರ್‌ಸಿಎಫ್‌ಜಿಯ ‘ಲಾಸ್ಟ್‌ವೇಕ್’ ಕೊನೆಯ ಸಲ ಎಬ್ಬಿಸಿದವರನ್ನು, ‘ವೇಕ್‌ಟೈಮರ್ಸ್’ ಮುಂದೆ ಎಬ್ಬಿಸಲು ಕಾದಿರುವವರನ್ನು ಹೇಳುತ್ತದೆ. ವಿಂಡೋಸ್‌ನ ಸ್ವಯಂ ನಿರ್ವಹಣೆಯ ವೇಳೆ ತಯಾರಿಕೆಯಿಂದಲೇ ರಾತ್ರಿ 2 ಗಂಟೆಗೆ ಗೊತ್ತಾಗಿರುವುದರಿಂದ, ಆ ಹೊತ್ತಿಗೆ ಎದ್ದಿರುವ ಯಂತ್ರದ ಬಗ್ಗೆ ದೂರ ಹುಡುಕಬೇಕಾಗಿಲ್ಲ. ಪವರ್ ಆಪ್ಷನ್ಸ್‌ನಲ್ಲಿ ವೇಕ್ ಟೈಮರ್‌ಗಳನ್ನು ನಿಲ್ಲಿಸಿದರೆ ಸಾಕು. ಜಾಲ ಕಾರ್ಡು ಎಬ್ಬಿಸುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದಕ್ಕಿರುವ ಎಬ್ಬಿಸುವ ಅನುಮತಿಯನ್ನು ತೆಗೆಯಬೇಕು, ಅಥವಾ ‘ಮ್ಯಾಜಿಕ್ ಪ್ಯಾಕೆಟ್’ ಬಂದಾಗ ಮಾತ್ರ ಎಂದು ಮಿತಿಗೊಳಿಸಬೇಕು. ಆ ಕಾರ್ಡಿನ ವಿಳಾಸವನ್ನು 16 ಬಾರಿ ಹೊತ್ತ ವಿಶೇಷ ಸಂದೇಶವಿದು, ಆಕಸ್ಮಿಕವಾಗಿ ಬರುವಂಥದ್ದಲ್ಲ. ಲಿನಕ್ಸ್‌ನಲ್ಲಿ ಪ್ರೊಕ್ ಕಡತವ್ಯವಸ್ಥೆಯ ಎಸಿಪಿಐ ಫೋಲ್ಡರಿನಲ್ಲಿರುವ ‘ವೇಕಪ್’ ಕಡತ ಇದೇ ಪಟ್ಟಿಯನ್ನು ಕೊಡುತ್ತದೆ.

ಯಾರೂ ಎಬ್ಬಿಸದೆಯೂ ಬ್ಯಾಟರಿ ಖಾಲಿಯಾಗುವುದುಂಟು. ಎಸ್3ರಲ್ಲಿ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಒಂದು ವಾಟ್‌ನ ಒಳಗೆ ಖರ್ಚು ಮಾಡುತ್ತದೆ. 48 ವಾಟ್-ಅವರ್‌ನ ಹೊಸ ಬ್ಯಾಟರಿಯಿರುವ, 0.6 ವಾಟ್ ಎಳೆಯುವ ಯಂತ್ರ ಲೆಕ್ಕದ ಪ್ರಕಾರ 80 ಗಂಟೆ ಮಲಗಿರಬಲ್ಲದು. ಅದೇ ಬ್ಯಾಟರಿ ಸವೆದು 16 ವಾಟ್-ಅವರ್‌ಗೆ ಇಳಿದಿದ್ದರೆ 27 ಗಂಟೆಯೂ ದಾಟುವುದಿಲ್ಲ. ಯಂತ್ರದ ಖರ್ಚು ಹೆಚ್ಚಿಲ್ಲ, ಕೂಡಿಟ್ಟದ್ದೇ ಕಡಿಮೆಯಾಗಿದೆ. ‘ಬ್ಯಾಟರಿ ರಿಪೋರ್ಟ್’ ಆಯ್ಕೆ ಕೊಡುವ ವರದಿಯಲ್ಲಿ ತಯಾರಾದಾಗಿನ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಎರಡೂ ಪಕ್ಕಪಕ್ಕದಲ್ಲಿರುತ್ತವೆ. ಅದನ್ನು ನೋಡಿದರೆ ಸಂಶಯ ಉಳಿಯುವುದಿಲ್ಲ. ಸವೆದ ಬ್ಯಾಟರಿಯ ಅಳತೆಯೂ ತಪ್ಪುತ್ತದೆ. ಶೇಕಡಾ 30 ಎಂದು ತೋರಿಸುತ್ತಿದ್ದದ್ದು ಒಮ್ಮೆಗೇ ಸೊನ್ನೆಯಾದಾಗ, ‘ಬ್ಯಾಟರಿ ಇಳಿದರೆ ಹೈಬರ್ನೇಟ್ ಮಾಡು’ ಎಂಬ ರಕ್ಷಣೆ ಜಾರಿಗೆ ಬರಲು ಸಮಯವೇ ಸಿಗುವುದಿಲ್ಲ, ಉಳಿಸದ ಕೆಲಸ ಹೋಗುತ್ತದೆ.

ಕರ್ನಾಟಕದ ಹಳ್ಳಿ-ಪಟ್ಟಣಗಳಲ್ಲಿ ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಸದಾ ಚಾರ್ಜರಿಗೆ ಸಿಕ್ಕಿಸಿಕೊಂಡೇ ಬಳಸುವವರಿದ್ದಾರೆ. ಅಂಥ ಯಂತ್ರವನ್ನು ಎಸ್3ರಲ್ಲಿ ಮಲಗಿಸಿದ್ದಾಗ ಒಂದು ಕ್ಷಣ ಕರೆಂಟು ಹೋದರೂ ರ‍್ಯಾಮಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ವಿಸ್ಟಾದಿಂದ ಬಂದ ಹೈಬ್ರಿಡ್ ಸ್ಲೀಪ್ ಇದಕ್ಕೆ ತಕ್ಕ ಉತ್ತರ. ಅದು ರ‍್ಯಾಮನ್ನು ಜೀವಂತವಾಗಿಟ್ಟುಕೊಂಡೇ ಡಿಸ್ಕಿನಲ್ಲೂ ಒಂದು ಪ್ರತಿ ಬರೆದಿಡುತ್ತದೆ. ಡೆಸ್ಕ್‌ಟಾಪಿಗೆಂದು ಮಾಡಿದ ಸೌಲಭ್ಯವಾದ್ದರಿಂದ ಲ್ಯಾಪ್‌ಟಾಪಿನಲ್ಲಿ ಬಹುಮಟ್ಟಿಗೆ ನಿಷ್ಕ್ರಿಯವಾಗಿರುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಹುಡುಕಿ ಚಾಲೂ ಮಾಡಬೇಕು.

ಮಾಡರ್ನ್ ಸ್ಟ್ಯಾಂಡ್‌ಬೈ ಯಂತ್ರಗಳಲ್ಲಿ ನಿದ್ದೆಯ ಹೊತ್ತಿನ ಬ್ಯಾಟರಿ ಸೋರಿಕೆ ಇನ್ನೂ ಹೆಚ್ಚು. ಚೀಲದೊಳಗೆ ಎದ್ದು, ಗಾಳಿಯಾಡದೆ ಕಾಯ್ದು, ಬ್ಯಾಟರಿ ಬರಿದಾಗುವವರೆಗೂ ಓಡುವುದು ಇವುಗಳ ಪರಿಚಿತ ದೋಷ. ‘ಸ್ಲೀಪ್‌ಸ್ಟಡಿ’ ವರದಿ ಯಾವ ಸಾಧನ ಎಷ್ಟು ಹೊತ್ತು ಎಚ್ಚರವಿತ್ತು ಎಂಬುದನ್ನು ತೋರಿಸುತ್ತದೆ. ಕೆಲವು ತಯಾರಕರು ಬಯಾಸ್‌ನಲ್ಲೇ ಎಸ್3ಕ್ಕೆ ಮರಳುವ ಆಯ್ಕೆ ಕೊಟ್ಟಿದ್ದಾರೆ. 2018ರ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಅದು ‘ಲಿನಕ್ಸ್’ ಎಂಬ ಹೆಸರಿನಲ್ಲಿದೆ. ಆ ಆಯ್ಕೆ ಇಲ್ಲದೆ, ಬಯಾಸ್ ಎಸ್3 ಅನ್ನೇ ಒದಗಿಸದ ಯಂತ್ರದಲ್ಲಿ ವಿಂಡೋಸ್ ರಿಜಿಸ್ಟ್ರಿ ತಿದ್ದಿ ಪ್ರಯೋಜನವಿಲ್ಲ. ಸ್ಲೀಪ್ ಇದ್ದದ್ದೂ ಇಲ್ಲದಂತಾಗುತ್ತದೆ.

ಏಳದ ಯಂತ್ರ

ಎಲ್ಲಕ್ಕಿಂತ ಜಟಿಲವಾದ ದೋಷ ಇದು, ಯಂತ್ರಗಳನ್ನು ಗುಜರಿಗೆ ಕಳಿಸುವುದೂ ಇದೇ. ಇದನ್ನು ಅರಿಯಲು ಎಚ್ಚರದ ಕ್ರಮ ಗೊತ್ತಿರಬೇಕು. ಮಲಗುವ ಮುನ್ನ ಆಪರೇಟಿಂಗ್ ಸಿಸ್ಟಂ ಎಲ್ಲ ಪ್ರೋಗ್ರಾಂಗಳನ್ನು ಹೆಪ್ಪುಗಟ್ಟಿಸುತ್ತದೆ, ಪ್ರತಿ ಡ್ರೈವರಿಗೂ ತನ್ನ ಸಾಧನದ ಸ್ಥಿತಿಯನ್ನು ಬರೆದಿಟ್ಟುಕೊಳ್ಳಲು ಹೇಳುತ್ತದೆ, ತಾನು ಎಲ್ಲಿಂದ ಮುಂದುವರಿಯಬೇಕೆಂಬ ವಿಳಾಸವನ್ನು ಎಸಿಪಿಐ ಕೋಷ್ಟಕವೊಂದರಲ್ಲಿ ಬರೆದು ಮಲಗುತ್ತದೆ. ಪವರ್ ಬಟನ್ ಒತ್ತಿದಾಗ ಪ್ರೊಸೆಸರ್ ಏನೂ ನೆನಪಿಲ್ಲದೆ ಏಳುತ್ತದೆ. ಮೊದಲು ಓಡುವುದು ಬಯಾಸ್. ಅದು ರ‍್ಯಾಮ್ ನಿಯಂತ್ರಕವನ್ನು ಎಚ್ಚರಿಸಿ, ಬರೆದಿಟ್ಟ ವಿಳಾಸ ಹುಡುಕಿ, ಅಲ್ಲಿಗೆ ಜಿಗಿಯುತ್ತದೆ. ಆಮೇಲೆ ಆಪರೇಟಿಂಗ್ ಸಿಸ್ಟಂ ಒಂದೊಂದೇ ಡ್ರೈವರನ್ನು ಕರೆದು ಸಾಧನಗಳಿಗೆ ಜೀವ ತುಂಬಿಸುತ್ತದೆ. ಇವುಗಳಲ್ಲಿ ಒಂದು ಡ್ರೈವರ್ ಉತ್ತರ ಕೊಡದಿದ್ದರೂ ಸಾಲು ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ಕಪ್ಪು ಪರದೆ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಯಂತ್ರ ಎದ್ದಿಲ್ಲವೋ, ಪರದೆ ಎದ್ದಿಲ್ಲವೋ? ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ದೀಪ ಹತ್ತಿ ಆರಿದರೆ ಆಪರೇಟಿಂಗ್ ಸಿಸ್ಟಂ ಜೀವಂತವಾಗಿದೆ. ಆಗ ಹೊರಗಿನ ಮಾನಿಟರನ್ನು ಸಿಕ್ಕಿಸಿ ನೋಡಬೇಕು. ಕತ್ತಲಲ್ಲಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟರೆ ಮಸುಕಾದ ಚಿತ್ರ ಕಾಣುತ್ತದೆಯೇ? ಕಂಡರೆ ಚಿತ್ರ ಬರುತ್ತಿದೆ, ಹಿಂಬದಿಯ ಬೆಳಕು ಮಾತ್ರ ಇಲ್ಲ. 2010ರ ಹಿಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಬೆಳಕು ತೆಳ್ಳನೆಯ ಫ್ಲೋರೊಸೆಂಟ್ ಕೊಳವೆಯದು. ಅದಕ್ಕೆ ಅಧಿಕ ವೋಲ್ಟೇಜ್ ಒದಗಿಸುವ ಇನ್ವರ್ಟರ್ ಸೋತಾಗ ಕೊಳವೆ ತಣ್ಣಗಿನ ಸ್ಥಿತಿಯಿಂದ ಹೊತ್ತಿಕೊಳ್ಳಲು ತಿಣುಕುತ್ತದೆ. ವಿಂಡೋಸ್ 10ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಗೊಳ್ಳುತ್ತದೆ. ಅಷ್ಟರಿಂದಲೇ ಚಿತ್ರ ಮರಳಿದರೆ ದೋಷ ಡ್ರೈವರಿನದೆಂದು ನಿಶ್ಚಯ.

ಡ್ರೈವರುಗಳ ವಿಷಯದಲ್ಲಿ ಹೊಸದೇ ಉತ್ತಮ ಎಂಬ ನಂಬಿಕೆ ಹಳೆಯ ಯಂತ್ರಗಳಲ್ಲಿ ಸುಳ್ಳಾಗುತ್ತದೆ. ವಿಂಡೋಸ್ ಅಪ್‌ಡೇಟ್ ತಾನಾಗಿ ತಂದು ಹಾಕುವ ಗ್ರಾಫಿಕ್ಸ್ ಡ್ರೈವರ್ ಚಿಪ್ಪಿಗೆ ಸರಿಹೊಂದಿದರೂ ಆ ಲ್ಯಾಪ್‌ಟಾಪಿನ ಪರದೆಯ ಜೋಡಣೆಗೆ ಹೊಂದದಿರಬಹುದು. ತಯಾರಕರು ಆ ಮಾದರಿಗೆಂದೇ ಕೊನೆಯದಾಗಿ ಬಿಡುಗಡೆ ಮಾಡಿದ ಡ್ರೈವರಿಗೆ, ಅದು ವಿಂಡೋಸ್ 7 ಅಥವಾ 8ರ ಕಾಲದ್ದಾದರೂ, ಹಿಂತಿರುಗಿದಾಗ ನಿದ್ದೆ ಸರಿಹೋಗುವುದುಂಟು. ಗ್ರಾಫಿಕ್ಸ್‌ನಷ್ಟೇ ಮುಖ್ಯವಾದವು ಚಿಪ್‌ಸೆಟ್ ಮತ್ತು ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ ಡ್ರೈವರುಗಳು. ವಿಂಡೋಸ್ ಹೊಸದಾಗಿ ಹಾಕುವವರು ಇವನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಎಚ್ಚರದ ಹೊತ್ತಿನಲ್ಲಿ ನೀಲಿ ಪರದೆ ಬಂದು ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’ ಎಂದು ತೋರಿಸಿದರೆ ಯಾವುದೋ ಡ್ರೈವರ್ ನಿಗದಿತ ಸಮಯದಲ್ಲಿ ಉತ್ತರಿಸಿಲ್ಲ. ವೈಫೈ, ಬ್ಲೂಟೂತ್, ಕಾರ್ಡ್ ರೀಡರ್ ಇವುಗಳನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಒಂದೊಂದಾಗಿ ನಿಷ್ಕ್ರಿಯಗೊಳಿಸಿ ಮಲಗಿಸಿ ಎಬ್ಬಿಸಿದರೆ ಕಾರಣ ಸಿಗುತ್ತದೆ. ಬೇಸರದ ಕೆಲಸ, ಆದರೆ ದಾರಿ ತಪ್ಪುವುದಿಲ್ಲ.

ಪವರ್ ದೀಪ ಹತ್ತಿ, ಫ್ಯಾನ್ ತಿರುಗಿ, ಕ್ಯಾಪ್ಸ್ ಲಾಕ್ ಉತ್ತರಿಸದಿದ್ದರೆ ತೊಂದರೆ ಇನ್ನೂ ಕೆಳಗಿನ ಹಂತದ್ದು. ಬಯಾಸ್ ಅಥವಾ ರ‍್ಯಾಮಿನದಾಗಿರಬಹುದು. ಹಳೆಯ ಯಂತ್ರಕ್ಕೆ ರ‍್ಯಾಮ್ ಹೆಚ್ಚಿಸಿದ ಮೇಲೆ ಈ ದೋಷ ಶುರುವಾಗಿದ್ದರೆ ಹಳೆಯ ರ‍್ಯಾಮ್ ಪಟ್ಟಿಯೊಂದನ್ನೇ ಇಟ್ಟು ನೋಡಬೇಕು. 1.5 ವೋಲ್ಟಿನ ಡಿಡಿಆರ್3 ಮತ್ತು 1.35 ವೋಲ್ಟಿನ ಡಿಡಿಆರ್3ಎಲ್ ಪಟ್ಟಿಗಳು ನೋಡಲು ಒಂದೇ ಥರ; ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಬಳಸಿದ ಬಿಡಿಭಾಗ ಕೊಳ್ಳುವವರು ಅದರ ಮೇಲಿನ ಚೀಟಿಯನ್ನು ಓದಿಯೇ ತೆಗೆದುಕೊಳ್ಳಬೇಕು. ಹೊಂದಿಕೆಯಾಗದ ಜೋಡಿ ಎಚ್ಚರದಲ್ಲಿ ಸರಿಯಾಗಿಯೇ ಓಡಿ ನಿದ್ದೆಯಿಂದ ಏಳುವಾಗ ಮಾತ್ರ ಎಡವಬಹುದು. ಮೆಮ್‌ಟೆಸ್ಟ್86+ ಎಂಬ ಉಚಿತ ಪರೀಕ್ಷಾ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದರೆ ರ‍್ಯಾಮಿನ ಸಾಮಾನ್ಯ ದೋಷಗಳು ಹೊರಬೀಳುತ್ತವೆ, ಆದರೆ ನಿದ್ದೆಯ ಹೊತ್ತಿನ ದೋಷಗಳನ್ನು ಅದು ಹಿಡಿಯಲಾರದು. ಮೊದಲ ತಲೆಮಾರಿನ ಕೆಲವು ಎಸ್‌ಎಸ್‌ಡಿಗಳೂ ಎಸ್3ರಿಂದ ಏಳುವಾಗ ಕಂಗಾಲಾಗುತ್ತಿದ್ದವು. ಅವಕ್ಕೆ ಫರ್ಮ್‌ವೇರ್ ತಿದ್ದುಪಡಿಯೇ ಮದ್ದು.

ಪವರ್ ಬಟನ್, ಮುಚ್ಚಳ, ಫ್ಯಾನ್, ಕೀಲಿಮಣೆ ಇವನ್ನೆಲ್ಲ ನೋಡಿಕೊಳ್ಳಲು ಲ್ಯಾಪ್‌ಟಾಪಿನಲ್ಲಿ ಎಂಬೆಡೆಡ್ ಕಂಟ್ರೋಲರ್ ಎಂಬ ಪ್ರತ್ಯೇಕ ಚಿಕ್ಕ ಚಿಪ್ ಇರುತ್ತದೆ. ಯಂತ್ರ ಆರಿಸಿದ್ದಾಗಲೂ ಇದಕ್ಕೆ ವಿದ್ಯುತ್ ಹರಿಯುವುದರಿಂದ ಅದು ತಪ್ಪು ಸ್ಥಿತಿಗೆ ಬಿದ್ದರೆ ರೀಸ್ಟಾರ್ಟ್ ಮಾಡಿದರೂ ಸರಿಹೋಗದು. ಚಾರ್ಜರ್ ಕಿತ್ತು, ಬ್ಯಾಟರಿ ಹೊರತೆಗೆದು, ಪವರ್ ಬಟನನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿಯುವ ಪದ್ಧತಿಯ ಹಿಂದಿನ ತರ್ಕ ಇದೇ: ಆ ಚಿಪ್ಪಿಗೆ ಒಮ್ಮೆ ಪೂರ್ತಿ ವಿದ್ಯುತ್ ತಪ್ಪಿಸುವುದು. ಮಂತ್ರದಂತೆ ಕಂಡರೂ ಇದಕ್ಕೆ ಗಟ್ಟಿ ಕಾರಣವಿದೆ, ಖರ್ಚೂ ಇಲ್ಲ. ಬ್ಯಾಟರಿ ತೆಗೆಯಲು ಬರುವ ಯಂತ್ರಗಳಲ್ಲಿ ಎಲ್ಲಕ್ಕಿಂತ ಮೊದಲು ಇದನ್ನು ಮಾಡಿ ನೋಡುವುದು ವಿವೇಕ. ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಬುಕ್‌ಗಳಲ್ಲಿ ಎಸ್‌ಎಂಸಿ ರೀಸೆಟ್ ಎನ್ನುವುದೂ ಇದೇ ಬಗೆಯ ಕೆಲಸ. ಮದರ್‌ಬೋರ್ಡಿನ ಗಡಿಯಾರವನ್ನೂ ಸೆಟ್ಟಿಂಗ್‌ಗಳನ್ನೂ ಕಾಯುವ 3 ವೋಲ್ಟಿನ ನಾಣ್ಯದಾಕಾರದ ಕೋಶ, ಹೆಚ್ಚಾಗಿ ಸಿಆರ್2032, ಬರಿದಾಗಿದ್ದರೆ ತಾರೀಖು ಹಿಂದಕ್ಕೆ ಹೋಗುತ್ತದೆ, ಬಯಾಸ್‌ನಲ್ಲಿ ಆರಿಸಿದ್ದ ನಿದ್ದೆಯ ಆಯ್ಕೆಯೂ ಮಾಯವಾಗಬಹುದು.

ಲಿನಕ್ಸ್‌ನಲ್ಲಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿಗೆ ಲಿನಕ್ಸ್ ಒಂದು ಆಸರೆಯಾಗಿರುವುದರಿಂದ ಅದರ ನಿದ್ದೆಯ ಸ್ವಭಾವ ತಿಳಿದಿರುವುದು ಒಳ್ಳೆಯದು. 2000ದ ದಶಕದಲ್ಲಿ ಲಿನಕ್ಸ್ ಲ್ಯಾಪ್‌ಟಾಪ್ ಎಸ್3ರಿಂದ ಎದ್ದರೆ ಪರದೆ ಕಪ್ಪಾಗಿಯೇ ಉಳಿಯುವುದು ಮಾಮೂಲಾಗಿತ್ತು. ಏಳುವಾಗ ಬಯಾಸ್ ವಿಡಿಯೊ ಚಿಪ್ಪನ್ನು ಸಿದ್ಧಪಡಿಸುವುದಿಲ್ಲ. ಅದು ಡ್ರೈವರಿನ ಹೊಣೆ ಎಂದು ಬಿಡುತ್ತದೆ. ಆಗಿನ ಲಿನಕ್ಸ್ ಡ್ರೈವರುಗಳಿಗೆ ಆ ಕೆಲಸ ತಿಳಿದಿರಲಿಲ್ಲ. ವಿಡಿಯೊ ಬಯಾಸನ್ನು ಮತ್ತೆ ಓಡಿಸುವ ಅಡ್ಡದಾರಿಗಳನ್ನು ಮಾದರಿಗೊಂದರಂತೆ ಹುಡುಕಬೇಕಿತ್ತು. 2009ರಿಂದ ಪರದೆಯ ನಿಯಂತ್ರಣ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೇ ಬಂದ ಮೇಲೆ ಇಂಟೆಲ್ ಗ್ರಾಫಿಕ್ಸ್‌ನ ಯಂತ್ರಗಳಲ್ಲಿ ಈ ಪಾಡು ಬಹುಮಟ್ಟಿಗೆ ಮುಗಿಯಿತು. ಹೀಗಾಗಿ ವಿಂಡೋಸ್‌ನಲ್ಲಿ ಹದಗೆಟ್ಟ ನಿದ್ದೆ ಇಂದಿನ ಲಿನಕ್ಸ್‌ನಲ್ಲಿ ಸರಿಯಾಗುವುದೂ ಉಂಟು. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಒಮ್ಮೆ ಮಲಗಿಸಿ ಎಬ್ಬಿಸಿ ನೋಡುವುದು ಅತ್ಯಂತ ಉಪಯುಕ್ತ ಪರೀಕ್ಷೆ. ಅಲ್ಲಿ ಎದ್ದರೆ ಮದರ್‌ಬೋರ್ಡಿನ ಮೇಲಿನ ಅನುಮಾನ ಬಹುಪಾಲು ಕಳೆಯುತ್ತದೆ.

ಸಿಸ್ ಕಡತವ್ಯವಸ್ಥೆಯ ಪವರ್ ಫೋಲ್ಡರಿನಲ್ಲಿರುವ ‘ಮೆಮ್ ಸ್ಲೀಪ್’ ಕಡತ, ಯಂತ್ರ ಆಳವಾದ ಎಸ್3 ಬಳಸುತ್ತಿದೆಯೋ ಮೇಲುಮೇಲಿನ ನಿದ್ದೆಯನ್ನೋ ಎಂದು ತೋರಿಸುತ್ತದೆ. ಅಲ್ಲಿಯೇ ಇರುವ ‘ಪಿಎಂ ಟೆಸ್ಟ್’ ಇನ್ನೂ ಬೆಲೆಬಾಳುವಂಥದ್ದು: ನಿದ್ದೆಯ ಮೆಟ್ಟಿಲುಗಳನ್ನು ಒಂದು ಹಂತದವರೆಗೆ ಮಾತ್ರ ಇಳಿಸಿ, ಐದು ಸೆಕೆಂಡಿನ ನಂತರ ಹಿಂದಕ್ಕೆ ಕರೆತರುತ್ತದೆ. ಮೊದಲು ಪ್ರೋಗ್ರಾಂಗಳು, ಆಮೇಲೆ ಸಾಧನಗಳು, ಆಮೇಲೆ ಬಯಾಸ್‌ನ ಕ್ರಮಗಳು ಎಂದು ಹಂತಹಂತವಾಗಿ ಇಳಿಯುತ್ತ ಹೋದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ನಿಖರವಾಗಿ ಗೊತ್ತಾಗುತ್ತದೆ. ‘ಪಿಎಂ ಟ್ರೇಸ್’ ಇನ್ನೊಂದು ಜಾಣ ಉಪಾಯ. ಏಳುವ ಹೊತ್ತಿಗೆ ಡಿಸ್ಕೂ ಇಲ್ಲ ಪರದೆಯೂ ಇಲ್ಲವಾದ್ದರಿಂದ, ಕೊನೆಯದಾಗಿ ಮುಟ್ಟಿದ ಸಾಧನದ ಗುರುತನ್ನು ಅದು ಮದರ್‌ಬೋರ್ಡಿನ ಗಡಿಯಾರದಲ್ಲಿ ಬರೆದಿಡುತ್ತದೆ; ಬಲವಂತವಾಗಿ ಆರಿಸಿ ಮತ್ತೆ ಬೂಟ್ ಮಾಡಿದರೆ ಕರ್ನಲ್ ಅದನ್ನು ಓದಿ ಹೇಳುತ್ತದೆ. ತಾರೀಖು ಕೆಡುತ್ತದೆ, ತಿದ್ದಿಕೊಳ್ಳಬೇಕು.

ಹೈಬರ್ನೇಟ್‌ನ ತೊಡಕುಗಳು

ಹೈಬರ್ನೇಟ್ ಎಸ್3ಕ್ಕಿಂತ ನಿಧಾನ, ಆದರೆ ಅವಲಂಬನೆಗಳು ಕಡಿಮೆ. ಯಂತ್ರ ಸಹಜವಾಗಿ ಬೂಟ್ ಆಗುವುದರಿಂದ ಬಯಾಸ್‌ನ ಎಚ್ಚರದ ದಾರಿಯಲ್ಲಿನ ಕುಂದು ಇದಕ್ಕೆ ತಗಲುವುದಿಲ್ಲ, ಬ್ಯಾಟರಿ ಖಾಲಿಯಾದರೂ ಕೆಲಸ ಉಳಿಯುತ್ತದೆ. ಡಿಸ್ಕನ್ನು ಗೂಢಲಿಪೀಕರಿಸಿದವರಿಗೆ ಇನ್ನೊಂದು ಲಾಭವಿದೆ: ಹೈಬರ್ನೇಟ್‌ನಲ್ಲಿ ರ‍್ಯಾಮ್ ಆರಿರುತ್ತದೆ. ಎಸ್3ರಲ್ಲಿ ಗೂಢಲಿಪಿಯ ಕೀಲಿ ರ‍್ಯಾಮಿನಲ್ಲೇ ಇರುತ್ತದೆ. ರ‍್ಯಾಮನ್ನು ತಂಪಾಗಿಸಿ ಆ ಕೀಲಿಯನ್ನು ಕದಿಯಬಹುದೆಂದು 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು.

ತೊಂದರೆ ಹೆಚ್ಚಾಗಿ ಜಾಗದ್ದು. 1 ಜಿಬಿ ಅಥವಾ ಹೆಚ್ಚು ರ‍್ಯಾಮ್ ಹಾಕಿದ ಎಕ್ಸ್‌ಪಿ ಯಂತ್ರಗಳು ಸಂಪನ್ಮೂಲ ಸಾಲದು ಎಂದು ಹೈಬರ್ನೇಟ್ ನಿರಾಕರಿಸುತ್ತಿದ್ದವು. ಮೈಕ್ರೋಸಾಫ್ಟ್ ಅದಕ್ಕೆ ಪ್ರತ್ಯೇಕ ತಿದ್ದುಪಡಿ ಹೊರತಂದಿತು. ಈಗಿನ ವಿಂಡೋಸ್‌ನಲ್ಲಿ ಹೈಬರ್ನೇಟ್ ಕಡತ ಹಾಳಾಗಿದ್ದರೆ ಪವರ್‌ಸಿಎಫ್‌ಜಿಯಿಂದ ಹೈಬರ್ನೇಟನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಿದರೆ ಹೊಸ ಕಡತ ಹುಟ್ಟುತ್ತದೆ. ಲಿನಕ್ಸ್‌ನಲ್ಲಿ ರ‍್ಯಾಮಿನ ಪ್ರತಿ ಹಿಡಿಸುವಷ್ಟು ಸ್ವಾಪ್ ಜಾಗ ಡಿಸ್ಕಿನಲ್ಲೇ ಬೇಕು. ಫೆಡೋರಾದಂಥ ವಿತರಣೆಗಳು ರ‍್ಯಾಮಿನೊಳಗೇ ಕಟ್ಟಿಕೊಳ್ಳುವ ಸ್ವಾಪ್ ಇದಕ್ಕೆ ಬಾರದು. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಅನೇಕ ವಿತರಣೆಗಳ ಕರ್ನಲ್ ಹೈಬರ್ನೇಟನ್ನೇ ತಡೆಯುತ್ತದೆ. ಒಂದೇ ಡಿಸ್ಕಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆರಿಸಿಡಲೇಬೇಕು. ವಿಂಡೋಸ್ 8ರಿಂದ ‘ಶಟ್‌ಡೌನ್’ ಎಂದರೂ ಕರ್ನಲ್ ಹೈಬರ್ನೇಟ್ ಆಗಿರುತ್ತದೆ. ಆ ಸ್ಥಿತಿಯ ಡಿಸ್ಕಿನ ಮೇಲೆ ಲಿನಕ್ಸ್ ಬರೆದರೆ ಕಡತಗಳು ನಾಶವಾಗಬಹುದು. ಹಲವು ದಿನ ಶಟ್‌ಡೌನ್ ಮಾಡುತ್ತ ಬಂದರೂ ಸರಿಹೋಗದ ಡ್ರೈವರ್ ದೋಷ ಒಂದು ರೀಸ್ಟಾರ್ಟಿಗೆ ಮಾಯವಾಗುವುದೂ ಇದರಿಂದಲೇ; ರೀಸ್ಟಾರ್ಟ್ ಮಾತ್ರ ಕರ್ನಲನ್ನು ಹೊಸದಾಗಿ ತರುತ್ತದೆ.

ಎಸ್3 ಯಾವ ದಾರಿಯಿಂದಲೂ ಸರಿಹೋಗದ ಯಂತ್ರದಲ್ಲಿ ಮುಚ್ಚಳ ಮುಚ್ಚುವುದನ್ನು ಹೈಬರ್ನೇಟ್‌ಗೆ ಜೋಡಿಸುವುದು ಉಳಿದಿರುವ ಮಾರ್ಗ. ವಿಂಡೋಸ್‌ನಲ್ಲಿ ಇದು ಪವರ್ ಆಪ್ಷನ್ಸ್‌ನ ಮುಚ್ಚಳದ ಆಯ್ಕೆಯಲ್ಲಿದೆ, ಲಿನಕ್ಸ್‌ನಲ್ಲಿ ಸಿಸ್ಟಂಡಿಯ ಲಾಗಿನ್ ಸೇವೆಯ ಸಂರಚನಾ ಕಡತದಲ್ಲಿ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 80 ಎಂಬಿ ಓದುತ್ತದೆಂದರೆ 4 ಜಿಬಿಯ ಪ್ರತಿ ಮರಳಿ ಬರಲು 50 ಸೆಕೆಂಡು ಬೇಕು. 500 ಎಂಬಿ ಓದುವ ಸಾಟಾ ಎಸ್‌ಎಸ್‌ಡಿಗೆ ಎಂಟು ಸೆಕೆಂಡು ಸಾಕು. ಆಪರೇಟಿಂಗ್ ಸಿಸ್ಟಂ ಪ್ರತಿಯನ್ನು ಸಂಕೋಚಿಸಿ ಬರೆಯುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ ಹೊತ್ತು ಹಿಡಿಯುತ್ತದೆ. ಕೆಳಹೊದಿಕೆ ಉಬ್ಬಿದ, ಟಚ್‌ಪ್ಯಾಡ್ ಮೇಲೆದ್ದ ಲ್ಯಾಪ್‌ಟಾಪಿಗೆ ಈ ಯಾವ ಪರೀಕ್ಷೆಯನ್ನೂ ಮಾಡಬಾರದು. ಅದು ಲಿಥಿಯಂ ಬ್ಯಾಟರಿ ಊದಿರುವ ಲಕ್ಷಣ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಒತ್ತದೆ ಚುಚ್ಚದೆ ತಿಳಿದವರಿಂದ ತೆಗೆಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿದ ಮೇಲೆ ಹೊಸ ಬ್ಯಾಟರಿಯೊಂದಿಗೆ ಶೋಧನೆ ಆರಂಭಿಸಬೇಕು.